ಇಪ್ಪತ್ತೇಳು ಕಾಲಮ್ಮಿನ ಮದರ್‌ಬೋರ್ಡು

ಮದುವೆಯಾದ ಹೊಸತರಲ್ಲಿ ಪಟ್ಟಿರಾಯನಿಗೆ ಕಂಪ್ಯೂಟರಿನ ಬಗ್ಗೆ ಒಂದು ಗಟ್ಟಿ ನಂಬಿಕೆ ಇತ್ತು. ಅದೂ ಮನುಷ್ಯರ ಹಾಗೆಯೇ, ಹೊಟ್ಟೆ ತುಂಬಿದಾಗ ತೂಕಡಿಸುತ್ತದೆ, ಹೊಟ್ಟೆ ಹಗುರ ಮಾಡಿದರೆ ಓಡುತ್ತದೆ. ಒಂದು ದಿನ ಹೆಂಡತಿಯ ಕಂಪ್ಯೂಟರು ತೆವಳುತ್ತಿರುವುದನ್ನು ಕಂಡು ಅವನಿಗೆ ಮರುಕ ಬಂತು. ಒಳಗೆ ಹೊಕ್ಕು, ಎಲ್ಲಕ್ಕಿಂತ ಭಾರವಾಗಿದ್ದ ಫೋಲ್ಡರನ್ನು ಹುಡುಕಿ, ಅಳಿಸಿಹಾಕಿದ. ಅದು ಅವರಿಬ್ಬರ ಮದುವೆಯ ಫೋಟೋಗಳ ಫೋಲ್ಡರಾಗಿತ್ತು. ಕಂಪ್ಯೂಟರಿನ ವೇಗ ಕೂದಲೆಳೆಯಷ್ಟೂ ಹೆಚ್ಚಲಿಲ್ಲ. ಅವರಿಗೆ ಮದುವೆ ಆಗಿದೆ ಎನ್ನುವುದಕ್ಕೆ ಈಗ ಉಳಿದಿರುವ ಚಿತ್ರ ಒಂದೇ, ಅದೂ ಮಾವನ ಮೊಬೈಲಿನಲ್ಲಿ. ಅದರಲ್ಲಿ ವಧು ಸೀನುತ್ತಿದ್ದಾಳೆ. ವರನ ಒಂದು ಕಿವಿ ಕಾಣುತ್ತದೆ.

ಅಂದಿನಿಂದ ಆ ಕಂಪ್ಯೂಟರಿನ ಸುತ್ತಲ ಮೂರು ಅಡಿ ಜಾಗ ಅವನ ಪಾಲಿಗೆ ನಿಷೇಧಿತ ವಲಯವಾಯಿತು. ಮೇಜಿನ ಧೂಳು ಒರೆಸಲು ಹೋದರೂ "ರೀ, ಅಲ್ಲೇ ನಿಲ್ಲಿ" ಎಂಬ ದನಿ ಅಡುಗೆಮನೆಯಿಂದ ಬರುತ್ತಿತ್ತು. ಗೋಡೆಯಾಚೆಗಿದ್ದವಳಿಗೆ ಅದು ಹೇಗೆ ಗೊತ್ತಾಗುತ್ತಿತ್ತೋ, ಅವನು ಕೇಳುವ ಧೈರ್ಯ ಮಾಡಲಿಲ್ಲ.

ಪಟ್ಟಿರಾಯ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕಚೇರಿಯವರು ಪ್ರೀತಿಯಿಂದಲೋ ರೋಸಿಹೋಗಿಯೋ ಇಟ್ಟದ್ದು. ನೀರೆತ್ತುವ ಪಂಪುಗಳನ್ನು ತಯಾರಿಸುವ ಕಂಪನಿಯೊಂದರ ಖರೀದಿ ವಿಭಾಗದಲ್ಲಿ ಅವನು ಕಿರಿಯ ಸಹಾಯಕ. ಕಂಪನಿ ಏನೇ ಕೊಳ್ಳಲಿ, ಮೂರು ಕಡೆಯಿಂದ ವಿವರ ತರಿಸಿ, ಗುಣಾವಗುಣಗಳನ್ನು ಕಾಲಂ ಕಾಲಮ್ಮಾಗಿ ಬಿಡಿಸಿ, ತುಲನಾತ್ಮಕ ಪಟ್ಟಿ ಎಂಬ ದಸ್ತಾವೇಜನ್ನು ಸಿದ್ಧಪಡಿಸುವುದು ಅವನ ಕೆಲಸ. ಕಸಪೊರಕೆಯ ಖರೀದಿಗೂ ಹದಿನಾಲ್ಕು ಕಾಲಂ ಹಾಕಿದ ಧೀರ (ಹಿಡಿಯ ಉದ್ದ, ಕಡ್ಡಿಯ ದಪ್ಪ, ಮೂಲೆ ಮುಟ್ಟುವ ಸಾಮರ್ಥ್ಯ ಇತ್ಯಾದಿ). ಆರು ವರ್ಷಗಳಲ್ಲಿ ಅವನ ಪಟ್ಟಿಯಲ್ಲಿ ಯಾರೂ ಒಂದು ತಪ್ಪನ್ನೂ ಹುಡುಕಿಲ್ಲ. ಯಾರೂ ಓದಿಲ್ಲ ಎಂಬ ಇನ್ನೊಂದು ವಾದವೂ ಕಚೇರಿಯಲ್ಲಿ ಚಾಲ್ತಿಯಲ್ಲಿದೆ. ಅವನ ವಿಭಾಗಕ್ಕೆ ಒಂದು ಅಚಲ ನಿಯಮವಿತ್ತು. ಕೊಳ್ಳಬೇಕಾದ ವಸ್ತು ಮಾತ್ರ ಪಟ್ಟಿಗೆ ಬರಬೇಕು. ಕಂಪನಿಯಲ್ಲಿ ಈಗಾಗಲೇ ಇರುವ ವಸ್ತುವಿಗೆ ಪಟ್ಟಿಯಲ್ಲಿ ಜಾಗವಿಲ್ಲ. ಅದು ಉಗ್ರಾಣದವರ ತಲೆನೋವು. ಈ ನಿಯಮವನ್ನು ಅವನು ಎಷ್ಟು ಶ್ರದ್ಧೆಯಿಂದ ಪಾಲಿಸುತ್ತಿದ್ದನೆಂದರೆ, ಅಂಗಡಿಗೆ ಹೋದಾಗಲೂ ಮನೆಯಲ್ಲಿ ಇರುವ ವಸ್ತುಗಳು ಅವನ ನೆನಪಿಗೇ ಬರುತ್ತಿರಲಿಲ್ಲ. ಹಾಗಾಗಿ ಆ ಮನೆಯಲ್ಲಿ ಏಳು ಟಾರ್ಚುಗಳಿದ್ದವು.

ಹೆಂಡತಿಯದು ಕೋಣೆಗಳ ಚಿತ್ರ ಬಿಡಿಸುವ ಕೆಲಸ. ಇನ್ನೂ ಕಟ್ಟದ ಕೋಣೆ ಕಟ್ಟಿದ ಮೇಲೆ ಹೇಗೆ ಕಾಣುತ್ತದೆಂದು ಕಂಪ್ಯೂಟರಿನಲ್ಲಿ ಮೊದಲೇ ತೋರಿಸುವುದು. ಮೂರು ವರ್ಷಗಳಿಂದ ಅವಳು ಒಬ್ಬ ಬಡಗಿಗೆ ಅಡುಗೆಮನೆಯ ಕಪಾಟುಗಳನ್ನೇ ಬಿಡಿಸಿಕೊಡುತ್ತಿದ್ದಳು. ಕಪಾಟಿನ ಬಣ್ಣ ಬೂದಿಯಿಂದ ತಿಳಿಬೂದಿಗೆ, ತಿಳಿಬೂದಿಯಿಂದ ಮತ್ತೆ ಬೂದಿಗೆ ಬದಲಾಗುತ್ತಿತ್ತು. ಅವಳ ಮುಖವೂ ನಿಧಾನವಾಗಿ ಅದೇ ಬಣ್ಣಕ್ಕೆ ತಿರುಗುತ್ತಿತ್ತು. ಅಷ್ಟರಲ್ಲಿ ದೊಡ್ಡ ಕಟ್ಟಡಗಳನ್ನು ವಿನ್ಯಾಸ ಮಾಡುವ ಆರ್ಕಿಟೆಕ್ಟ್ ಮೇಡಂ ಒಬ್ಬರು ಪರೀಕ್ಷೆಗೆಂದು ಒಂದು ಕೆಲಸ ಕೊಟ್ಟರು. ಅದೊಂದು ಮಕ್ಕಳ ಗ್ರಂಥಾಲಯ. ಬಾಗಿಲಲ್ಲಿ ಹೊಕ್ಕು, ಪುಸ್ತಕದ ಕಪಾಟುಗಳ ನಡುವೆ ಸಾಗಿ, ಕಿಟಕಿಯ ಬಳಿ ಹೋಗಿ ನಿಲ್ಲುವ ಒಂದು ನಿಮಿಷದ ಚಿತ್ರ ಬೇಕಿತ್ತು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕಟ್ಟಿಸುವವರ ಮುಂದೆ ತೋರಿಸಬೇಕು. ಒಪ್ಪಿಗೆಯಾದರೆ ಮುಂದಿನ ಕಟ್ಟಡಗಳೆಲ್ಲ ಅವಳಿಗೆ. ಇಲ್ಲವಾದರೆ ಮತ್ತೆ ಬಡಗಿ, ಮತ್ತೆ ಬೂದಿ.

ತೊಡಕು ಒಂದೇ. ಕೋಣೆಯನ್ನು ಬಿಡಿಸುವುದು ಅವಳ ಕೈಯಲ್ಲಿತ್ತು. ಬಿಡಿಸಿದ್ದನ್ನು ಬೆಳಕು ನೆರಳುಗಳ ಸಮೇತ ಒಂದೊಂದೇ ಬಿಡಿ ಚಿತ್ರದ ಚೌಕಟ್ಟಾಗಿ ಲೆಕ್ಕಹಾಕಿ ಹೊರಗೆಡಹುವುದು ಕಂಪ್ಯೂಟರಿನ ಕೆಲಸ. ಇದಕ್ಕೆ ಕಸುಬಿನವರು ರೆಂಡರಿಂಗ್ ಎನ್ನುತ್ತಾರೆ. ಆ ಮನೆಯಲ್ಲಿ 'ಬೇಯೋದು' ಎನ್ನುತ್ತಿದ್ದರು.

"ಬೇಯೋಕೆ ಹದಿನಾಲ್ಕು ಗಂಟೆ ಬೇಕು," ಎಂದಳು ಅವಳು ಬುಧವಾರ ಸಂಜೆ, ಊಟದ ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತ. "ಒಲೆ ಮೇಲಿಟ್ಟ ಮೇಲೆ ನಾನೇನೂ ಮುಟ್ಟೋ ಹಾಗಿಲ್ಲ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಇಳಿಸಬೇಕು ಅಂದ್ರೆ ಭಾನುವಾರ ಸಂಜೆ ಏಳಕ್ಕೆ ಇಡಬೇಕು. ಕಿಟಕಿ ಹತ್ರದ ಬೆಳಕು ಇನ್ನೂ ಕೂತೇ ಇಲ್ಲ. ಇನ್ನೊಂದು ನಾಲ್ಕು ಗಂಟೆ ಸಿಕ್ಕಿದ್ರೆ ಸಾಕಿತ್ತು."

ಪಟ್ಟಿರಾಯ ಚಮಚವನ್ನು ಕೆಳಗಿಟ್ಟ. ಮದುವೆಯ ಫೋಟೋಗಳ ಕಳಂಕವನ್ನು ತೊಳೆದುಕೊಳ್ಳಲು ಮೂರು ವರ್ಷಗಳಿಂದ ಕಾಯುತ್ತಿದ್ದ ಕ್ಷಣ ಇದೇ ಎಂದು ಅವನಿಗೆ ಹೊಳೆಯಿತು.

"ಓವರ್‌ಕ್ಲಾಕ್ ಮಾಡೋಣ," ಎಂದ.

ಮೇಜಿನ ಆ ತುದಿಯಲ್ಲಿ ಮಾವ ಮುರಿದ ಛತ್ರಿಯ ಕಡ್ಡಿ ಜೋಡಿಸುತ್ತಿದ್ದರು. ಮೂವತ್ತೆರಡು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಈಗ ಮನೆಯಲ್ಲಿ ಕೆಡದ ವಸ್ತು ಸಿಕ್ಕರೂ ಬಿಚ್ಚಿ ನೋಡುತ್ತಿದ್ದರು.

"ಏನದು ಅಳಿಯಂದಿರೇ?" ಎಂದರು.

"ಪ್ರೊಸೆಸರ್ ಅಂತ ಇರತ್ತೆ ಮಾವ, ಕಂಪ್ಯೂಟರಿನ ಇಂಜಿನ್ ಇದ್ದ ಹಾಗೆ. ಕಂಪನಿಯೋರು ಇಷ್ಟೇ ವೇಗದಲ್ಲಿ ಓಡು ಅಂತ ಹೇಳಿ ಕಳಿಸಿರ್ತಾರೆ. ನಾವು ಸ್ವಲ್ಪ ಜಾಸ್ತಿ ಕರೆಂಟ್ ಕೊಟ್ಟು, ಜಾಸ್ತಿ ಓಡಿಸೋದು. ಬಿಸಿ ಜಾಸ್ತಿ ಆಗತ್ತೆ. ಅದಕ್ಕೆ ಇಂಜಿನ್ ಕೂರಿಸೋಕೆ ಗಟ್ಟಿಯಾದ ಮದರ್‌ಬೋರ್ಡ್ ಬೇಕು, ದೊಡ್ಡ ಫ್ಯಾನ್ ಬೇಕು, ಒಳ್ಳೆ ಪವರ್ ಸಪ್ಲೈ ಬೇಕು."

"ಮತ್ತೆ ಇಂಜಿನ್?"

"ಅದು ಹೇಗೂ ಇದೆಯಲ್ಲ."

ಮಾವ ಏನೋ ಹೇಳಲು ಬಾಯಿ ತೆರೆದರು. ಆದರೆ ಛತ್ರಿ ಫಟ್ಟನೆ ಬಿಚ್ಚಿಕೊಂಡು ಅವರ ಮುಖವನ್ನೇ ಮುಚ್ಚಿತು.

ಹೆಂಡತಿ ಗೆರೆ ಎಳೆಯುವುದನ್ನು ನಿಲ್ಲಿಸಿದಳು. "ಹದಿನಾಲ್ಕು ಗಂಟೆದು ಎಷ್ಟಾಗತ್ತೆ?"

"ಹತ್ತು."

"ಯಾರು ಹೇಳಿದ್ದು?"

"ಪಟ್ಟಿ ಮಾಡಿ ಹೇಳ್ತೀನಿ."

"ಶನಿವಾರ ನಾನು ಗ್ರಂಥಾಲಯದ ಅರ್ಧ ಕಟ್ಟಿರೋ ಕಟ್ಟಡದ ಹತ್ರ ಹೋಗ್ತೀನಿ, ಕಿಟಕಿ ಅಳತೆ ತಗೋಬೇಕು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಕಂಪ್ಯೂಟರ್ ನಿಮ್ಮದು. ನನ್ನ ಫೈಲೆಲ್ಲ ಹಾರ್ಡ್ ಡಿಸ್ಕಲ್ಲಿ ತುಂಬಿ ಬ್ಯಾಗಲ್ಲಿ ಇಟ್ಕೊಂಡೇ ಹೋಗ್ತೀನಿ." ಎದ್ದು ತಟ್ಟೆಗಳನ್ನು ಎತ್ತುತ್ತ ಸೇರಿಸಿದಳು. "ಬೇಜಾರು ಮಾಡ್ಕೋಬೇಡಿ."

ಅವನಿಗೆ ಬೇಜಾರಾಗಲಿಲ್ಲ. ನಿಷೇಧಿತ ವಲಯದ ಗಡಿ ತೆರೆದಿತ್ತು.

ಗುರುವಾರ ಕಚೇರಿಯಲ್ಲಿ, ಪಂಪಿನ ರಬ್ಬರ್ ಬಳೆಗಳ ಕಡತದ ಮರೆಯಲ್ಲಿ, ಪಟ್ಟಿರಾಯ ತನ್ನ ಜೀವಮಾನದ ಶ್ರೇಷ್ಠ ಕೃತಿಯನ್ನು ರಚಿಸಿದ. ಮೂರು ಮದರ್‌ಬೋರ್ಡುಗಳು, ಇಪ್ಪತ್ತೇಳು ಕಾಲಮ್ಮುಗಳು. ವಿದ್ಯುತ್ತನ್ನು ಹದಗೊಳಿಸುವ ಬಿಡಿಭಾಗಗಳು ಎಷ್ಟು, ಅವುಗಳ ಮೇಲೆ ಶಾಖ ಹೀರುವ ಲೋಹದ ದಪ್ಪ ಎಷ್ಟು, ಫ್ಯಾನು ಸಿಕ್ಕಿಸಲು ಎಷ್ಟು ತೂತು, ಮೆಮೊರಿಗೆ ಎಷ್ಟು ಗೂಡು, ವಾರಂಟಿ ಎಷ್ಟು ವರ್ಷ, ಕೈಪಿಡಿಯ ಅಕ್ಷರ ಓದಲು ಕನ್ನಡಕ ಬೇಕೇ ಬೇಡವೇ. ಪ್ರೊಸೆಸರು ಕೂರುವ ಸಾಕೆಟ್ಟು ಮನೆಯ ಪ್ರೊಸೆಸರಿಗೆ ಹೊಂದುತ್ತದೆಯೇ ಎಂಬುದನ್ನೂ ಅವನು ಮರೆಯಲಿಲ್ಲ. ಅದು ಒಂಬತ್ತನೆಯ ಕಾಲಂ. ಹಳೆಯ ಬೋರ್ಡಿನ ಬಿಲ್ಲಿನಲ್ಲಿದ್ದ ಸಾಕೆಟ್ಟಿನ ನಂಬರಿಗೆ ಮೂರೂ ಹೊಂದುತ್ತಿದ್ದವು. ಎರಡನೆಯ ಬೋರ್ಡು ಇಪ್ಪತ್ತೊಂದು ಕಾಲಮ್ಮುಗಳಲ್ಲಿ ಮೇಲುಗೈ ಸಾಧಿಸಿತು. ಅದರ ವಿವರಣೆಯಲ್ಲಿ 'ನಿಮ್ಮ ಪ್ರೊಸೆಸರಿನ ಸಂಕೋಲೆಗಳನ್ನು ಕಳಚಿ' ಎಂದು ಬರೆದಿತ್ತು. ಓದಿ ಅವನ ರೋಮ ನಿಮಿರಿತು. ಪ್ರೊಸೆಸರಿನ ಹೆಸರು ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಇರುವ ಹಾಗೂ ಇರಲಿಲ್ಲ. ಅದನ್ನು ಹೆಂಡತಿ ಎರಡು ವರ್ಷದ ಹಿಂದೆಯೇ ಕೊಂಡಾಗಿತ್ತು.

ಶುಕ್ರವಾರ ಸಂಜೆ ಪಟ್ಟಿ ಹಿಡಿದು ಕಂಪ್ಯೂಟರ್ ಭಾಗಗಳ ಅಂಗಡಿಗೆ ಹೋದ. ಅಂಗಡಿ ನಡೆಸುವವರು ಐವತ್ತರ ಆಸುಪಾಸಿನ ಹೆಂಗಸು. ಯಾವಾಗಲೂ ತುಟಿಗಳ ನಡುವೆ ಒಂದು ಸ್ಕ್ರೂ ಕಚ್ಚಿಕೊಂಡೇ ಮಾತಾಡುತ್ತಿದ್ದುದರಿಂದ ಬೀದಿಯವರೆಲ್ಲ ಸ್ಕ್ರೂ ಅಕ್ಕ ಎನ್ನುತ್ತಿದ್ದರು. ಸ್ಕ್ರೂ ಬಿದ್ದುಹೋಗಬಾರದೆಂದು ಅವರು ಮಾತನ್ನು ತುಂಬ ಮಿತವಾಗಿ ಬಳಸುತ್ತಿದ್ದರು.

ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ ಅಕ್ಕ ಕೇಳಿದರು. "ಪ್ರೊಸೆಸರ್ ಯಾವುದು?"

"ಅದು ಇದೆ, ಅಕ್ಕ. ಖರೀದಿಯ ವ್ಯಾಪ್ತಿಗೆ ಬರಲ್ಲ."

"ಇರೋದು ಯಾವುದು ಅಂತ."

"ಸಾಕೆಟ್ ಹೊಂದತ್ತೆ. ಒಂಬತ್ತನೇ ಕಾಲಂ ನೋಡಿ."

ಅಕ್ಕ ಒಂಬತ್ತನೇ ಕಾಲಂ ನೋಡಿದರು. ಆಮೇಲೆ ಅವನ ಮುಖ ನೋಡಿದರು. ಅಷ್ಟು ಅಚ್ಚುಕಟ್ಟಾದ ಪಟ್ಟಿಯನ್ನು ಕೆಳಗೆ ಸಹಿ ಮಾಡಿ ತಂದವನ ಜೊತೆ ವಾದಿಸಲು ಬಾಯಿಂದ ಸ್ಕ್ರೂ ತೆಗೆಯಬೇಕಾಗುತ್ತಿತ್ತು. ಅವರು ತೆಗೆಯಲಿಲ್ಲ. ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿಕೊಟ್ಟರು.

ಶನಿವಾರ ಬೆಳಿಗ್ಗೆ ಹೆಂಡತಿ ಹೊರಟದ್ದೇ ತಡ, ಊಟದ ಮೇಜು ಶಸ್ತ್ರಚಿಕಿತ್ಸೆಯ ಕೊಠಡಿಯಾಯಿತು. ಬಿಳಿ ಹಾಸಿಗೆ ಹೊದಿಕೆ ಹರಡಿ, ಮೈಯಲ್ಲಿರುವ ವಿದ್ಯುತ್ತು ಬೋರ್ಡನ್ನು ಸುಡಬಾರದೆಂದು ಪಟ್ಟಿರಾಯ ಎರಡು ನಿಮಿಷಕ್ಕೊಮ್ಮೆ ಹೋಗಿ ಬಚ್ಚಲಿನ ಕಬ್ಬಿಣದ ನಲ್ಲಿಯನ್ನು ಮುಟ್ಟಿ ಬರುತ್ತಿದ್ದ. ಮೂಲೆಯ ಕುರ್ಚಿಯಿಂದ ಮಾವ ಇದನ್ನು ನೋಡುತ್ತಲೇ ಇದ್ದರು. ಹನ್ನೊಂದನೆಯ ಸಲಕ್ಕೆ ತಡೆಯಲಾಗದೆ, "ಅಳಿಯಂದಿರೇ, ಹೊಟ್ಟೆ ಏನಾದರೂ ಕೆಟ್ಟಿದೆಯಾ?" ಎಂದು ಕಳಕಳಿಯಿಂದ ವಿಚಾರಿಸಿದರು.

ಹಳೆಯ ಬೋರ್ಡು ಹೊರಬಂತು, ಹೊಸದು ಒಳಹೋಯಿತು. ಪ್ರೊಸೆಸರನ್ನು ಅವನು ಹಸುಗೂಸಿನ ತೊಟ್ಟಿಲು ಬದಲಿಸುವ ಹಾಗೆ ಎರಡು ಬೆರಳಿನಲ್ಲಿ ಎತ್ತಿ, ಉಸಿರು ಬಿಗಿಹಿಡಿದು ಹೊಸ ಸಾಕೆಟ್ಟಿನಲ್ಲಿ ಮಲಗಿಸಿದ. ಅದರ ಬೆನ್ನ ಮೇಲೆ ಹೆಸರು, ನಂಬರು ಎಲ್ಲ ಸ್ಪಷ್ಟವಾಗಿ ಬರೆದಿತ್ತು. ಅವನು ಓದಲಿಲ್ಲ. ಓದುವ ಮೊದಲೇ ಅದರ ಮೇಲೆ ಶಾಖ ದಾಟಿಸುವ ಬಿಳಿ ಪೇಸ್ಟನ್ನು ಬಳಿದುಬಿಟ್ಟ.

ಮೊದಲ ಅಪಶಕುನ ಫ್ಯಾನಿನಿಂದ ಬಂತು. ಅದು ಬರಿಯ ಫ್ಯಾನಲ್ಲ, ಎರಡು ಗೋಪುರಗಳ ನಡುವೆ ಕೂತ ಲೋಹದ ಅರಮನೆ. ಕೂರಿಸಿ ತಿರುಪು ಬಿಗಿದ ಮೇಲೆ ಪೆಟ್ಟಿಗೆಯ ಪಕ್ಕದ ಬಾಗಿಲು ಮುಚ್ಚಲಿಲ್ಲ. ಗೋಪುರಗಳು ಒಂದು ಅಂಗುಲ ಹೊರಗೆ ಇಣುಕುತ್ತಿದ್ದವು.

"ಪೆಟ್ಟಿಗೆ ಅಗಲ ಅಳೆದಿರಲಿಲ್ವಾ?" ಎಂದರು ಮಾವ.

"ಪೆಟ್ಟಿಗೆ ಹಳೇದು ಮಾವ. ಅದು ಪಟ್ಟೀಲಿರಲಿಲ್ಲ."

"ಹಾಗಾದ್ರೆ ಪಟ್ಟಿ ಪ್ರಕಾರ ಮುಚ್ಚಿದೆ ಅನ್ನಿ."

ಮಧ್ಯಾಹ್ನ ಮೂರಕ್ಕೆ ಗುಂಡಿ ಒತ್ತಿದಾಗ ಯಂತ್ರ ಎದ್ದಿತು. ಬೋರ್ಡಿನ ಅಂಚಿನಲ್ಲಿದ್ದ ಕೆಂಪು ದೀಪಗಳು ಉಸಿರಾಡುವ ಹಾಗೆ ಹೊತ್ತಿ ಆರತೊಡಗಿದವು. ಫ್ಯಾನು ದೂರದಲ್ಲಿ ವಿಮಾನ ಹೊರಡುವ ಸದ್ದು ಮಾಡಿತು. ಪಟ್ಟಿರಾಯನ ಕಣ್ಣಂಚು ಒದ್ದೆಯಾಯಿತು. ಇನ್ನೇನು, ಸೆಟ್ಟಿಂಗಿನ ಪರದೆಗೆ ಹೋಗಿ, ವೇಗದ ಅಂಕಿಯನ್ನು ಮೂವತ್ತಾರರಿಂದ ನಲವತ್ತೆಂಟಕ್ಕೆ ಏರಿಸಿದರೆ ಆಯಿತು.

ಮೂವತ್ತಾರು ಏರಲಿಲ್ಲ. ಬೇರೆ ಅಂಕಿಗಳೆಲ್ಲ ಬೆಳ್ಳಗೆ ಹೊಳೆಯುತ್ತಿದ್ದವು. ಇದೊಂದು ಮಾತ್ರ ಬೂದಿ ಬಣ್ಣದಲ್ಲಿ ಮಂಕಾಗಿ ಕೂತಿತ್ತು. ಒತ್ತಿದರೆ ಒತ್ತಿಸಿಕೊಳ್ಳಲಿಲ್ಲ. ಮೇಲಧಿಕಾರಿಯ ಮೇಜಿನ ಮೇಲೆ ಸಹಿಗೆ ಕಾದಿರುವ ಕಡತವೂ ಇದಕ್ಕಿಂತ ಚುರುಕಾಗಿರುತ್ತದೆ. ಅವನು ಯಂತ್ರವನ್ನು ಆರಿಸಿ ಹೊತ್ತಿಸಿದ. ಕೈಪಿಡಿಯ ನೂರಾ ಹನ್ನೆರಡು ಪುಟ ಓದಿದ. ಇನ್ನೊಮ್ಮೆ ಹೋಗಿ ನಲ್ಲಿ ಮುಟ್ಟಿ ಬಂದ. ಐದೂವರೆಗೆ, ಕಂಪ್ಯೂಟರಿನಲ್ಲೇ ಉಳಿದಿದ್ದ ಹೆಂಡತಿಯ ಹಳೆಯ ಅಡುಗೆಮನೆಯ ಚಿತ್ರವೊಂದನ್ನು ಬೇಯಲಿಟ್ಟು ಗಡಿಯಾರ ನೋಡಿದ. ಮೊದಲು ಹತ್ತು ನಿಮಿಷ ಹಿಡಿಯುತ್ತಿದ್ದ ಚಿತ್ರ ಈಗ ಹತ್ತೇ ನಿಮಿಷ ಹಿಡಿಯಿತು.

ಆರಕ್ಕೆ ಹೆಂಡತಿ ಬಂದಳು. ಬಾಗಿಲಲ್ಲೇ ನಿಂತು ಕೆಂಪು ದೀಪಗಳನ್ನು ನೋಡಿದಳು, ವಿಮಾನದ ಸದ್ದು ಕೇಳಿದಳು. ಚೀಲ ಕೆಳಗಿಟ್ಟು ಹತ್ತಿರ ಬಂದು ಗಂಡನ ಹೆಗಲ ಮೇಲೆ ಕೈಯಿಟ್ಟಳು. ಬಹಳ ದಿನಗಳ ಮೇಲೆ ಆ ಕೈ ಅಲ್ಲಿಗೆ ಬಂದಿತ್ತು.

"ಪರವಾಗಿಲ್ವೇ ರೀ. ಪರೀಕ್ಷೆ ಮಾಡಿದ್ರಾ?"

"ಮಾಡಿದೆ," ಎಂದ. ಅದು ನಿಜ.

"ಎಷ್ಟು ಗಂಟೆಗೆ ಬೇಯತ್ತೆ?"

ಹೆಗಲ ಮೇಲಿನ ಕೈ ಬೆಚ್ಚಗಿತ್ತು. ಪಟ್ಟಿರಾಯನ ಗಂಟಲಿನಿಂದ ಖರೀದಿ ವಿಭಾಗವೇ ಮಾತಾಡಿತು. "ಪಟ್ಟಿಯ ಪ್ರಕಾರ, ಹತ್ತು."

ಅದೂ ಒಂದು ಲೆಕ್ಕದಲ್ಲಿ ನಿಜವೇ. ಆದರೆ ಸುಳ್ಳು ಹೇಳಿದಾಗ ಕಿವಿಯ ಹಿಂದೆ ಬರುವ ಬಿಸಿ ಅವನಿಗೆ ಬಂತು. ನಾಳೆ ಬೆಳಿಗ್ಗೆ ಸರಿಮಾಡಿಬಿಟ್ಟರೆ ಸುಳ್ಳು ತಾನಾಗಿಯೇ ನಿಜವಾಗುತ್ತದೆ ಎಂದು ಸಮಾಧಾನ ಹೇಳಿಕೊಂಡ.

ಭಾನುವಾರ ಅವಳು ಬೆಳಿಗ್ಗೆಯೇ ಕೂತಳು. ಮುಖದಲ್ಲಿ ಬೂದಿಯ ಸುಳಿವೇ ಇರಲಿಲ್ಲ.

"ರಾತ್ರಿ ಹನ್ನೊಂದಕ್ಕೆ ಬೇಯೋಕಿಟ್ರೆ ಸಾಕು," ಎಂದು ಅಪ್ಪನಿಗೆ ಹೇಳುತ್ತಿದ್ದಳು. "ನಾಲ್ಕು ಗಂಟೆ ಜಾಸ್ತಿ ಸಿಕ್ತು ಅಪ್ಪ. ಕಿಟಕಿಯ ಕೆಳಗೆ ಮೆತ್ತನೆ ಕಟ್ಟೆ ಒಂದು ಹಾಕ್ತೀನಿ. ಒಂದು ಪುಸ್ತಕ ಅರ್ಧ ತೆರೆದು ಬೋರಲು ಇಟ್ಟಿರೋ ಹಾಗೆ. ಓದ್ತಿದ್ದ ಮಗು ಈಗಷ್ಟೇ ನೀರು ಕುಡಿಯೋಕೆ ಎದ್ದುಹೋಗಿದೆ ಅನ್ನಿಸಬೇಕು."

ಪಟ್ಟಿರಾಯ ಚಪ್ಪಲಿ ಮೆಟ್ಟಿ ಸದ್ದಿಲ್ಲದೆ ಹೊರಬಿದ್ದ. ಭಾನುವಾರ ಸ್ಕ್ರೂ ಅಕ್ಕನ ಅಂಗಡಿ ಮುಚ್ಚಿತ್ತು. ಆದರೆ ಅವರ ಮನೆ ಅದರ ಮೇಲೆಯೇ. ಅವರು ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರು, ತುಟಿಗಳ ನಡುವೆ ಬಟ್ಟೆಯ ಕ್ಲಿಪ್ಪು.

"ಅಕ್ಕ, ಅಂಕಿ ಮೂವತ್ತಾರರಿಂದ ಮೇಲೇಳ್ತಿಲ್ಲ."

"ಪ್ರೊಸೆಸರ್ ಯಾವುದು?"

ಮೂರನೆಯ ಸಲ ಕೇಳಿಸಿಕೊಂಡ ಮೇಲೆ ಆ ಪ್ರಶ್ನೆ ಮೊದಲ ಸಲ ಅವನ ತಲೆಯೊಳಗೆ ಇಳಿಯಿತು. ಹಿಂದಿನ ದಿನ ಪರದೆಯಲ್ಲಿ ಕಂಡ ನಂಬರುಗಳನ್ನೆಲ್ಲ ಬರೆದುಕೊಂಡಿದ್ದ. ಚೀಟಿ ಚಾಚಿದ. ಅಕ್ಕ ಓದಿದರು. ಕ್ಲಿಪ್ಪನ್ನು ಬಾಯಿಂದ ತೆಗೆದರು. ಅವರು ಬಾಯಿಂದ ಏನನ್ನಾದರೂ ತೆಗೆದದ್ದನ್ನು ಅವನು ಕಂಡದ್ದು ಅದೇ ಮೊದಲು.

"ಇದು ಲಾಕ್ ಇರೋದು, ತಮ್ಮ. ತಯಾರಾಗುವಾಗಲೇ ವೇಗ ಬಿಗಿದಿರ್ತಾರೆ. ಎಂಥ ಬೋರ್ಡ್ ಹಾಕಿದ್ರೂ ಅಷ್ಟೇ ಓಡತ್ತೆ. ಬಿಗಿಯದೇ ಇರೋದು ಬೇರೆ ಬರತ್ತೆ."

"ಅದನ್ನೇ ಕೊಡಿ."

"ಬುಧವಾರ ಬರತ್ತೆ."

"ಮೊನ್ನೆನೇ ನೀವು..."

"ಎರಡು ಸಲ ಕೇಳಿದೆ. ನೀವು ಒಂಬತ್ತನೇ ಕಾಲಂ ತೋರಿಸಿದ್ರಿ." ಅಕ್ಕ ಕ್ಲಿಪ್ಪನ್ನು ಮತ್ತೆ ತುಟಿಗಿಟ್ಟುಕೊಂಡು ಒಂದು ದಿಂಬಿನ ಚೀಲವನ್ನು ಕೊಡವಿದರು. ಸಭೆ ಮುಗಿಯಿತು.

ಅವನು ಊರಿನ ಉಳಿದ ಅಂಗಡಿಗಳ ಬಾಗಿಲುಗಳನ್ನೆಲ್ಲ ತಟ್ಟಿ ಮನೆಗೆ ಮರಳುವಾಗ ಐದು ದಾಟಿತ್ತು. ಹೊರಗಿನ ಮೆಟ್ಟಿಲ ಮೇಲೆ ಮಾವ ಕೂತಿದ್ದರು. ಪಕ್ಕದಲ್ಲಿ ಕುಸಿದು ಕೂತು ಎಲ್ಲವನ್ನೂ ಹೇಳಿದ. ಹೆಂಡತಿಗೆ ಹೇಳುವ ಮೊದಲು ಯಾರ ಮುಂದಾದರೂ ಒಮ್ಮೆ ಹೇಳಿ ರೂಢಿ ಮಾಡಿಕೊಳ್ಳುವುದು ಒಳ್ಳೆಯದು ಎನ್ನಿಸಿತು.

ಮಾವ ತಲೆಯಾಡಿಸಿದರು. "ಡಿಪೋದಲ್ಲಿ ಬಸ್ಸಿಗೆ ಗವರ್ನರ್ ಅಂತ ಹಾಕಿರ್ತಿದ್ರು. ಇಷ್ಟಕ್ಕಿಂತ ಜಾಸ್ತಿ ಓಡದ ಹಾಗೆ. ಮೇಲೆ ಸೀಲ್ ಬೇರೆ. ನೀವು ಸೀಲ್ ಹಾಕಿದ ಬಸ್ಸಿಗೆ ರೇಸಿನ ಚಕ್ರ ಹಾಕಿದ್ದೀರಿ. ಕೆಂಪು ದೀಪಾನೂ ಹಾಕಿದ್ದೀರಿ."

"ಬುಧವಾರನೇ ನೀವು ಹೇಳಬಹುದಿತ್ತು ಮಾವ."

"ಹೇಳೋಕೆ ಬಾಯಿ ತೆಗೆದೆ. ಛತ್ರಿ ಅಡ್ಡ ಬಂತು. ಛತ್ರಿ ಮಡಚೋ ಹೊತ್ತಿಗೆ ನೀವು ಪಟ್ಟಿ ಮಾಡೋಕೆ ಎದ್ದುಹೋಗಿದ್ರಿ." ಮಾವ ಮೊಣಕಾಲು ನೀವಿಕೊಂಡರು. "ಯಾವಾಗ ಹೇಳ್ತೀರಿ ಅವಳಿಗೆ?"

"ಸೂಕ್ತ ಸಮಯ ನೋಡಿ."

"ಸೂಕ್ತ ಸಮಯ ಏಳಕ್ಕೆ ಮುಗಿಯತ್ತೆ."

ಒಳಗೆ ಹೋದ. ಪರದೆಯ ಮೇಲೆ ಗ್ರಂಥಾಲಯದ ಕಿಟಕಿ ಇತ್ತು. ಅದರ ಕೆಳಗೆ ಹಸಿರು ದಿಂಬಿನ ಕಟ್ಟೆ, ಬೋರಲು ಬಿದ್ದ ಪುಸ್ತಕ. ಸಂಜೆಯ ಬೆಳಕು ಪುಸ್ತಕದ ಬೆನ್ನಿನವರೆಗೆ ಬಂದು ನಿಂತಿತ್ತು. ಇನ್ನು ಸ್ವಲ್ಪ ಮುಂದೆ ಬಂದರೆ ದಿಂಬನ್ನು ಮುಟ್ಟುತ್ತಿತ್ತು. ಅವಳು ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಆ ಬೆಳಕನ್ನು ಅಂಗುಲ ಅಂಗುಲವಾಗಿ ಎಳೆದು ತರುತ್ತಿದ್ದಳು. ಅಷ್ಟು ಸಂತೋಷವಾಗಿರುವವರ ಹತ್ತಿರ ಇಂಥ ಮಾತು ಹೇಗೆ ಶುರುಮಾಡುವುದೆಂದು ಖರೀದಿ ವಿಭಾಗದ ಯಾವ ಸುತ್ತೋಲೆಯಲ್ಲೂ ಇರಲಿಲ್ಲ. ಅವನು ನೀರು ಕುಡಿದ. ಕಿಟಕಿ ಮುಚ್ಚಿದ, ತೆರೆದ. ಅಡುಗೆಮನೆಗೆ ಹೋಗಿ ತೊಳೆದಿಟ್ಟ ಲೋಟಗಳನ್ನು ಇನ್ನೊಮ್ಮೆ ತೊಳೆದ. ಮತ್ತೆ ಬಂದು ಅವಳ ಹಿಂದೆ ನಿಂತಾಗ ಗೋಡೆಯ ಗಡಿಯಾರ ಆರೂ ಇಪ್ಪತ್ತು ತೋರಿಸುತ್ತಿತ್ತು.

"ಒಂದು ವಿಷಯ," ಎಂದ.

"ಹೇಳಿ." ಅವಳು ತಿರುಗಲಿಲ್ಲ.

"ನಾನು ಹತ್ತು ಗಂಟೆ ಅಂದಿದ್ದೆ."

"ಹ್ಞೂಂ."

"ಹತ್ತಲ್ಲ."

ಮೌಸಿನ ಮೇಲಿನ ಅವಳ ಬೆರಳು ನಿಂತಿತು. "ಮತ್ತೆಷ್ಟು?"

"ಹದಿನಾಲ್ಕು."

ಫ್ಯಾನಿನ ವಿಮಾನ ಒಂದೇ ಸಮನೆ ಹಾರುತ್ತಿತ್ತು. ಅವಳು ಕುರ್ಚಿ ತಿರುಗಿಸಿ ಅವನನ್ನು ನೋಡಿದಳು. "ಯಾವಾಗಿಂದ ಹದಿನಾಲ್ಕು?"

"ಯಾವಾಗಲೂ ಹದಿನಾಲ್ಕೇ. ಪ್ರೊಸೆಸರ್ ಲಾಕ್ ಆಗಿದೆ. ಅದು ಪಟ್ಟೀಲಿರಲಿಲ್ಲ. ನಿನ್ನೆನೇ ಪರೀಕ್ಷೆ ಮಾಡಿದಾಗ ಗೊತ್ತಾಗಿತ್ತು."

"ಇವತ್ತು ಬೆಳಿಗ್ಗೆ ಹೇಳೋಕೆ ಏನಾಗಿತ್ತು?"

"ನೀನು ಖುಷಿಯಾಗಿದ್ದೆ."

"ಏಳಾದ ಮೇಲೆ ಇನ್ನೂ ಖುಷಿಯಾಗಿರ್ತಿದ್ದೆನಾ?"

ಅವಳು ಉತ್ತರಕ್ಕೆ ಕಾಯಲಿಲ್ಲ. "ಆ ಕಡೆ ಸರೀರಿ," ಎಂದು ಪರದೆಗೆ ತಿರುಗಿದಳು. ಕಪಾಟಿನ ಹಿಂದೆ ಇನ್ನೂ ಬಣ್ಣ ಬಳಿಯದ ಮೂರು ಕುರ್ಚಿಗಳನ್ನು ಕಿತ್ತೆಸೆದಳು. ಗೋಡೆಯ ಮೇಲೆ ಬರಬೇಕಿದ್ದ ಚಿತ್ರಗಳನ್ನು ಬಿಟ್ಟಳು. ಬೆಳಕನ್ನು ದಿಂಬಿನ ಅಂಚಿಗೆ ತಂದು ಅಲ್ಲೇ ನಿಲ್ಲಿಸಿದಳು. ಮಾವ ಬಾಗಿಲಲ್ಲಿ ನಿಂತು, ಡಿಪೋದಲ್ಲಿ ಬಸ್ಸು ಹೊರಡುವ ಹೊತ್ತನ್ನು ಕೂಗುವ ದನಿಯಲ್ಲಿ, "ಆ-ರೂ ನಲವತ್ತು... ಆರೂ ನಲವತ್ತೈದು..." ಎನ್ನುತ್ತಿದ್ದರು. ಪಟ್ಟಿರಾಯನಿಗೆ ಮಾಡಲು ಏನೂ ಇರಲಿಲ್ಲ. ಗೋಡೆಗಂಟಿ ನಿಂತಿದ್ದ. ಆರೂ ಐವತ್ತೆರಡಕ್ಕೆ ಅವಳು ಗುಂಡಿ ಒತ್ತಿ, ಎದ್ದು, ಯಾರನ್ನೂ ನೋಡದೆ ಮುಖ ತೊಳೆಯಲು ಹೋದಳು. ಅಂದು ಊಟದ ಹೊತ್ತಿನಲ್ಲಿ ಮಾತಾಡಿದ್ದು ಫ್ಯಾನೊಂದೇ.

ಸೋಮವಾರ ಬೆಳಿಗ್ಗೆ ಎಂಟೂ ನಲವತ್ತಾರಕ್ಕೆ ಚಿತ್ರ ಬೆಂದಿತು. ಹೊಸ ಬೋರ್ಡು, ಹೊಸ ಫ್ಯಾನು, ಹೊಸ ಪವರ್ ಸಪ್ಲೈ ಎಲ್ಲ ಸೇರಿ ಉಳಿಸಿಕೊಟ್ಟದ್ದು ಆರು ನಿಮಿಷ. ಆದರೆ ಚೌಕಟ್ಟುಗಳನ್ನೆಲ್ಲ ಪೋಣಿಸಿ ಒಂದು ಮಾಡುವ ಹೊತ್ತಿಗೆ ಒಂಬತ್ತೂ ಕಾಲಾಯಿತು. ಅದನ್ನು ಹಾರ್ಡ್ ಡಿಸ್ಕಿಗೆ ತುಂಬಿ, ಅಲ್ಲಿನ ಕಂಪ್ಯೂಟರಿನಲ್ಲಿ ತೆರೆದು, ಅದು ತೆರೆಯದೆ ಹಟ ಹಿಡಿದರೆ ಬೇಡಿಕೊಂಡು, ಅಷ್ಟಕ್ಕೆಲ್ಲ ಸಮಯವಿರಲಿಲ್ಲ.

"ಇಡೀ ಪೆಟ್ಟಿಗೇನೇ ತಗೊಂಡು ಹೋಗೋಣ," ಎಂದಳು ಹೆಂಡತಿ. ಹಿಂದಿನ ಸಂಜೆಯಿಂದ ಅವನ ಕಡೆಗೆ ಆಡಿದ ಮೊದಲ ಮಾತು. "ನೀವು ಹೊರ್ತೀರಾ?"

ಹೊತ್ತ. ಕಚೇರಿಗೆ ಅರ್ಧ ದಿನ ರಜೆ ಹಾಕಿ, ಆ ಲೋಹದ ಅರಮನೆ ಸಮೇತ ಪೆಟ್ಟಿಗೆಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದ. ಬಾಗಿಲು ಮುಚ್ಚದ ಪಕ್ಕಕ್ಕೆ ಮಾವ ಬಿಳಿ ಹೊದಿಕೆ ಸುತ್ತಿ, ಹಗ್ಗ ಬಿಗಿದು, ಬೆನ್ನು ತಟ್ಟಿ ಕಳಿಸಿದರು. ದಾರಿಯಲ್ಲಿ ಸಿಕ್ಕ ಒಬ್ಬರು ಪಕ್ಕಕ್ಕೆ ಸರಿದು, ತಲೆ ತಗ್ಗಿಸಿ ನಿಂತರು.

ಆರ್ಕಿಟೆಕ್ಟ್ ಮೇಡಂ ಅವರ ಕಚೇರಿಯಲ್ಲಿ ಉದ್ದನೆಯ ಮೇಜಿನ ಸುತ್ತ ಗ್ರಂಥಾಲಯ ಕಟ್ಟಿಸುವ ಮೂವರು ಕೂತಿದ್ದರು. ಹತ್ತಕ್ಕೆ ನಾಲ್ಕು ನಿಮಿಷವಿತ್ತು. ಹೊದಿಕೆ ಬಿಚ್ಚಿ, ತಂತಿ ಸಿಕ್ಕಿಸಿ, ಗುಂಡಿ ಒತ್ತಿದಾಗ ಕೆಂಪು ದೀಪಗಳು ಹೊತ್ತಿ ಆರತೊಡಗಿದವು. ಮೂವರೂ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು. ಆಮೇಲೆ ಗೋಡೆಯ ಪರದೆಯ ಮೇಲೆ ಬಾಗಿಲು ತೆರೆಯಿತು. ಕಪಾಟುಗಳು ಎರಡೂ ಬದಿಗೆ ಸರಿಯುತ್ತ ಹೋದವು. ಕಿಟಕಿ ಬಂತು, ಹಸಿರು ದಿಂಬು ಬಂತು. ಬೋರಲು ಪುಸ್ತಕದ ಮೇಲೆ, ದಿಂಬಿನ ಅಂಚಿನವರೆಗೆ, ಬೆಳಕು ಬಿದ್ದಿತ್ತು. ಚಿತ್ರ ಅಲ್ಲಿ ನಿಂತಿತು.

ಮೂವರಲ್ಲಿ ಹಿರಿಯರಾದ ಒಬ್ಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಆ ಮಗು ಎಲ್ಲಿಗೆ ಹೋಯ್ತು?" ಎಂದು ಕೇಳಿದರು.

ಹೆಂಡತಿಯ ಮುಖವನ್ನು ಪಟ್ಟಿರಾಯ ಆಗ ನೋಡಿದ. ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದು ಅವನಿಗೆ ತಿಳಿಯಲಿಲ್ಲ.

ಮೇಡಂ ಮುಂದಿನ ಕಟ್ಟಡದ ನಕ್ಷೆಗಳ ಸುರುಳಿಯನ್ನು ತಂದು ಅವಳ ಕೈಗಿತ್ತರು. ಕಟ್ಟಿಸುವವರು ಎದ್ದು ಹೊರಟರು. ಆಗಷ್ಟೇ ಮೇಡಂ ಅವರ ಕಣ್ಣು, ಮೂಲೆಯಲ್ಲಿ ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಿಡಿದು, ಬೆವರಿನಲ್ಲಿ ತೊಯ್ದು ನಿಂತಿದ್ದವನ ಮೇಲೆ ಬಿತ್ತು.

"ಇವರು?"

"ನಮ್ಮನೆಯವರು."

"ಓ." ಮೇಡಂ ಹೊಳೆಯುವ ಯಂತ್ರವನ್ನೂ ಅವನನ್ನೂ ಒಂದು ಬಗೆಯ ಗೌರವದಿಂದ ನೋಡಿದರು. "ಹಾಗಾದ್ರೆ ಇದರಲ್ಲಿ ಇವರದ್ದೂ ಕೈ ಇದೆ ಅನ್ನಿ. ಇವರು ಏನು ಮಾಡಿದ್ರು?"

ಪಟ್ಟಿರಾಯ ಹೊದಿಕೆಯನ್ನು ಕಂಕುಳಿಗೆ ಸೇರಿಸಿ, ಅಂಗಿಯ ಕಾಲರ್ ಸರಿಮಾಡಿಕೊಂಡು, ವಿನಯದಿಂದ ನೆಲ ನೋಡಿದ. ಹೆಂಡತಿ ನಕ್ಷೆಯ ಸುರುಳಿಯಿಂದ ತಲೆಯೆತ್ತಲಿಲ್ಲ.

"ಸುಳ್ಳು ಹೇಳಿದ್ರು, ಮೇಡಂ. ಆದ್ರೆ ನಲವತ್ತು ನಿಮಿಷ ಮುಂಚೆ ಒಪ್ಕೊಂಡ್ರು."